ಸೇವೆಗೊಂದು ಶಾಮಿಯಾನ

ನಮ್ಮ ಸೀಮೆಯ ಕಾಲೇಜೊಂದು ರಾಷ್ಟ್ರೀಯ ಸೇವಾ ಯೋಜನೆಯ ವಾರ್ಷಿಕ ವಿಶೇಷ ಶಿಬಿರಕ್ಕೆಂದು ಅಚ್ಚುಹಾಕಿಸಿದ ಆಹ್ವಾನ ಪತ್ರಿಕೆ ಈ ವಾರ ನನ್ನ ಕೈ ಸೇರಿತು. ಸೇರಿದ ದಿನದಿಂದ ನನ್ನ ಚಿತ್ತಸ್ವಾಸ್ಥ್ಯ ಕೆಟ್ಟಿದೆ. ಉದ್ಘಾಟಕರು, ಅಧ್ಯಕ್ಷರು, ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ಗೌರವ ಅತಿಥಿಗಳು, ವಿಶೇಷ ಆಹ್ವಾನಿತರು, ಶಾಮಿಯಾನವನ್ನು ಉಚಿತವಾಗಿ ಒದಗಿಸಿದ ಮಹನೀಯರು, ಹೀಗೆ ಮೂರು ಮಡಿಕೆಯ ಆ ಕಾಗದದ ಎರಡು ಮಗ್ಗುಲೂ ನಾಮಾವಳಿಯಿಂದ ತುಂಬಿ ತುಳುಕುತ್ತಿದ್ದು, ಹೆಸರುಗಳ ಹಿಂದುಮುಂದಿನ ಬಿರುದುಗಳಲ್ಲಿ ಒಂದಕ್ಷರವೂ ಲೋಪವಾಗದಂತೆ ಕರಡು ತಿದ್ದಿದವರ ಶ್ರದ್ಧೆಯನ್ನು ನಾನು ಮೆಚ್ಚಿದೆನಾದರೂ, ಏಳು ದಿನ ಹಳ್ಳಿಯಲ್ಲಿದ್ದು ಮಕ್ಕಳು ಮಾಡತಕ್ಕ ಕೆಲಸವೇನೆಂದು ಹುಡುಕಿದಾಗ ಕಟ್ಟಕಡೆಗೆ ದೊರೆತದ್ದು ‘ಬೆಳಗ್ಗೆ 9ರಿಂದ 12: ಶ್ರಮದಾನ’ ಎಂಬ ಒಂದೇ ಒಂದು ಸಾಲು. ಎಲ್ಲಿ? ಏನು? ಬೇಕೆಂದು ಕೇಳಿದವರಾರು? ಪತ್ರಿಕೆ ಮೌನ.

ಉತ್ತರ ನಮಗೆಲ್ಲ ಗೊತ್ತಿದ್ದದ್ದೇ. ಶಾಲೆಯ ಮಕ್ಕಳು ಬೆಳಗ್ಗೆ ತಾನೆ ಗುಡಿಸಿದ ಅಂಗಳವನ್ನು ಕಾಲೇಜಿನ ಮಕ್ಕಳು ಮತ್ತೊಮ್ಮೆ ಗುಡಿಸುತ್ತಾರೆ. ರಸ್ತೆಬದಿಯ ಮರಗಳ ಬುಡಕ್ಕೆ ಸುಣ್ಣ ಕೆಮ್ಮಣ್ಣು ಬಳಿಯುತ್ತಾರೆ. ದೇವಸ್ಥಾನದ ಹಿಂದಿನ ಹುಲ್ಲು ಕೆತ್ತುತ್ತಾರೆ. ಬ್ಯಾನರು ಹಿಡಿದು, ಹಾರೆ ಗುದ್ದಲಿಗಳನ್ನು ಎತ್ತಿ ತೋರಿಸುತ್ತ ಚಿತ್ರ ತೆಗೆಸಿಕೊಳ್ಳುತ್ತಾರೆ. ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತರ ಪ್ರಾಯದವರ ತೋಳಿನಲ್ಲಿ ಬಲವಿದೆ, ಮನಸ್ಸಿನಲ್ಲಿ ಉತ್ಸಾಹವಿದೆ. ಅವೆರಡನ್ನೂ ಮರಕ್ಕೆ ಸುಣ್ಣ ಬಳಿಸಿ ಮುಗಿಸಿಬಿಡುವ ದೊಡ್ಡವರ ಮೇಲೆ ಸಿಟ್ಟು.

ಈ ಯೋಜನೆ ಹುಟ್ಟುವಾಗ ಇದಕ್ಕಿಂತ ಘನವಾದ ಚರ್ಚೆಯೇ ನಡೆದಿತ್ತು. ವಿದ್ಯಾರ್ಥಿಗಳ ಸೇವೆ ಸ್ವಯಂಪ್ರೇರಿತವಾಗಿರಲಿ ಎಂದಿತು ರಾಧಾಕೃಷ್ಣನ್ ಆಯೋಗ. ಕಡ್ಡಾಯವಾಗಲಿ ಎಂದಿತು 1959ರಲ್ಲಿ ನೇಮಕವಾದ ಸಿ.ಡಿ. ದೇಶಮುಖರ ಸಮಿತಿ, ಪರದೇಶಗಳ ಪದ್ಧತಿಯನ್ನು ಅಭ್ಯಾಸ ಮಾಡಿ ಬಂದ ಕೆ.ಜಿ. ಸೈಯದೇನರು ಸ್ವಯಂಪ್ರೇರಣೆಯೇ ಲೇಸೆಂದರು. ಕಡೆಗೆ ಗಾಂಧೀ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಆಗ ನಮ್ಮ ಬಳ್ಳಾರಿಯಿಂದಲೇ ಲೋಕಸಭೆಗೆ ಆರಿಸಿಹೋಗಿ ಕೇಂದ್ರದ ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾಯರು 37 ವಿಶ್ವವಿದ್ಯಾನಿಲಯಗಳಲ್ಲಿ ಇದನ್ನು ಆರಂಭಿಸಿದರು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆಯ ಸೇವೆ, ಅದರ ಮೇಲೆ ಒಂದು ಶಿಬಿರ: ಕಾಗದದ ಮೇಲೆ ಇಂದಿಗೂ ಅದೇ ಕ್ರಮ. ರಾಯರು ಅರ್ಥಶಾಸ್ತ್ರಜ್ಞರು; ವ್ಯಯವಾದ ಗಂಟೆಗೆ ಪ್ರತಿಯಾಗಿ ಉತ್ಪನ್ನವೇನೆಂದು ಅವರಾದರೂ ಕೇಳುತ್ತಿದ್ದರೇನೋ.

ನನ್ನ ಹಳೆಯ ಹಠವೊಂದನ್ನು ಈ ಅಂಕಣದ ಓದುಗರು ಬಲ್ಲರು: ಮಲೆನಾಡಿಗೆ ತನ್ನದೇ ಆದ ಪಂಚಾಂಗವಿದೆ, ಅದನ್ನು ನೋಡದೆ ಇಲ್ಲಿ ಯಾವ ಕಾರ್ಯಕ್ಕೂ ಮುಹೂರ್ತವಿಡಬಾರದು. ನಮ್ಮ ಶಿಬಿರಗಳ ಮುಹೂರ್ತವನ್ನಾದರೋ ನಿಶ್ಚಯಿಸುವವರು ಲೆಕ್ಕಪತ್ರದ ಗುಮಾಸ್ತರು. ಮಾರ್ಚಿ ಮುಗಿಯುವುದರೊಳಗೆ ಅನುದಾನ ಖರ್ಚಾಗಬೇಕು, ಪರೀಕ್ಷೆ ಅಡ್ಡ ಬರಬಾರದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳಿಗೆ ಕೈಯಾಳು ನಿಜವಾಗಿ ಬೇಕಾಗುವುದು ಮೇ ತಿಂಗಳ ಕಡೆಯಲ್ಲಿ, ರೋಹಿಣಿ ಮುಗಿದು ಮೃಗಶಿರ ಹಿಡಿಯುವ ಮುನ್ನ. ಆಗ ತೋಟದ ಬಸಿಗಾಲುವೆ ತೋಡಬೇಕು, ರಸ್ತೆಯ ಚರಂಡಿ ಬಿಡಿಸಬೇಕು, ಎಲ್ಲಕ್ಕಿಂತ ಮೊದಲು ಸಂಕ ಕಟ್ಟಬೇಕು.

ಸಂಕ ಕಟ್ಟುವುದನ್ನು ನೋಡದವರು ಒಮ್ಮೆ ನೋಡಬೇಕು. ಬಲಿತ ಅಡಕೆಮರದ ಮೂರೋ ನಾಲ್ಕೋ ಕಾಂಡಗಳನ್ನು ಹಳ್ಳದ ಎರಡು ದಡಕ್ಕೆ ಮುಟ್ಟಿಸಿ, ತುದಿಗಳಿಗೆ ಕಲ್ಲು ಹೇರಿ, ಅಡಕೆ ದಬ್ಬೆಯನ್ನು ಅಡ್ಡಲಾಗಿ ಒತ್ತೊತ್ತಾಗಿ ಬಿಗಿದು, ಒಂದು ಪಕ್ಕಕ್ಕೆ ಬಿದಿರಿನ ಕೈತಾಂಗು ಕಟ್ಟಿದರೆ, ಆರಿದ್ರಾ ಮಳೆಯಲ್ಲಿ ಕೆಂಪಗೆ ಉಕ್ಕುವ ನೀರಿನ ಮೇಲೆ ಶಾಲೆಯ ಮಗುವೊಂದು ಚೀಲ ಹೊತ್ತು ದಾಟುವುದಕ್ಕೆ ಅಷ್ಟೇ ಆಧಾರ. ಒಂದೆರಡು ಮಳೆಗಾಲಕ್ಕೆ ಅದು ಕೊಳೆಯುತ್ತದೆ. ಕೊಳೆತದ್ದು ಮೇಲಿನಿಂದ ಕಾಣುವುದಿಲ್ಲ. ಹಿಂದೆ ಮುಯ್ಯಾಳಿನ ಲೆಕ್ಕದಲ್ಲಿ ಕೇರಿಯವರೆಲ್ಲ ಸೇರಿ ಒಂದು ಮಧ್ಯಾಹ್ನದೊಳಗೆ ಅದನ್ನು ಹೊಸದಾಗಿ ಕಟ್ಟಿ ಮುಗಿಸುತ್ತಿದ್ದರು. ಈಗ ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿದವರು ಮಂಡಿ ನೋವಿನ ಮುದುಕರು. ಸರ್ಕಾರವು ಶಾಲಾ ಸಂಪರ್ಕ ಸೇತುವೆಂಬ ಹೆಸರಿನಲ್ಲಿ ಕೆಲವೆಡೆ ಕಾಂಕ್ರೀಟಿನ ಕಿರುಸೇತುವೆ ಕಟ್ಟಿಸಿದ್ದುಂಟು, ಎಲ್ಲ ಹಳ್ಳಕ್ಕೂ ಅದು ಬಂದಿಲ್ಲ. ಸಂಕ ಕಟ್ಟುವ ವಾರದಲ್ಲಿ ಕಾಲೇಜಿನ ಹುಡುಗರು ಹಳ್ಳಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಹೋಗಲಿ, ಬೇಸಿಗೆಯಲ್ಲೇ ಬರಲಿ. ಬೇಸಿಗೆಗೂ ಇಲ್ಲಿ ಕೆಲಸವಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ನಮ್ಮ ಈ ತಾಲ್ಲೂಕುಗಳನ್ನೂ ಬಿಟ್ಟಿಲ್ಲ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ, ಅಂದರೆ ಸರಿಯಾಗಿ ನಮ್ಮ ಶಿಬಿರಗಳ ಕಾಲವೇ. ಕೊಟ್ಟಿಗೆಗೆ ಹಾಸಲು ದರಗು ಗುಡಿಸಿ ತರುವ ಹೆಂಗಸಿಗೆ ಉಣುಗು ಹತ್ತುತ್ತದೆ. ಮೈಕೈ ನೋವು, ತಲೆಸಿಡಿತ, ಜ್ವರ. ಮೊದಲು ಮಾತ್ರೆ ನುಂಗಿ, ಆಮೇಲೆ ಕಷಾಯ ಕುಡಿದು, ಆಸ್ಪತ್ರೆಗೆ ಹೋಗುವ ವೇಳೆಗೆ ವಾರ ಕಳೆದಿರುತ್ತದೆ. ಹಳೆಯ ಲಸಿಕೆ ನಿಂತುಹೋಗಿದೆ. ಈಗ ಉಳಿದಿರುವುದು ಮೈಗೆ ಹಚ್ಚುವ ಡೇಪಾ ತೈಲ ಮತ್ತು ಎಚ್ಚರ. ಆ ತೈಲದ ಸೀಸೆ ಎಷ್ಟೋ ಮನೆಗಳಲ್ಲಿ ಮುಚ್ಚಳ ಸಹ ತೆರೆಯದೆ ಗೂಡಿನಲ್ಲಿ ಕೂತಿದೆ, ಯಾವಾಗ ಎಷ್ಟು ಹಚ್ಚಬೇಕೆಂದು ನಿಧಾನವಾಗಿ ಹೇಳುವವರಿಲ್ಲದೆ. ಐವತ್ತು ವಿದ್ಯಾರ್ಥಿಗಳು ಒಂದು ವಾರ ಮನೆಮನೆಯ ಜಗಲಿಯಲ್ಲಿ ಕುಳಿತು ಇದನ್ನು ತಿಳಿಸಿ, ಜ್ವರ ಬಂದವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯ ಕೈಗೆ ಕೊಟ್ಟು, ಸತ್ತ ಮಂಗ ಕಂಡರೆ ಯಾರಿಗೆ ಸುದ್ದಿ ಮುಟ್ಟಿಸಬೇಕೆಂದು ಬಾಗಿಲ ಹಿಂದೆ ಬರೆದು ಅಂಟಿಸಿದರೆ, ಅದಕ್ಕೆ ಹಾರೆಯೂ ಬೇಡ, ಶಾಮಿಯಾನವೂ ಬೇಡ. ಬೇಡವಾದದ್ದರಿಂದಲೇ ಅದು ಯಾರಿಗೂ ಹೊಳೆಯುವುದಿಲ್ಲವೆಂಬುದು ನನ್ನ ಗುಮಾನಿ.

ನರಸಿಂಹರಾಜಪುರದ ಕಡೆಯ ಒಂದು ಹಳ್ಳಿಯಲ್ಲಿ, ಹಿಂದೊಮ್ಮೆ, ಇಂಥದೇ ಶಿಬಿರಕ್ಕೆ ನಾನು ಉಪನ್ಯಾಸಕನಾಗಿ ಹೋಗಿದ್ದೆ. ನನಗಿಂತ ಮೊದಲು ‘ವ್ಯಕ್ತಿತ್ವ ವಿಕಸನ’ ಕುರಿತು ಮಾತಾಡುತ್ತಿದ್ದವರು ಅರ್ಧ ಗಂಟೆಯ ಮಾತನ್ನು ಎರಡು ಗಂಟೆಗೆ ವಿಕಸನಗೊಳಿಸುತ್ತಿದ್ದುದರಿಂದ ನಾನು ಎದ್ದು ಶಾಲೆಯ ಹಿಂಬದಿಯ ಜಗಲಿಗೆ ಬಂದೆ. ಅಲ್ಲಿ ಶಿಬಿರದ ಟೋಪಿ ಹಾಕಿದ ಹುಡುಗನೊಬ್ಬ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಎದುರಿಗೆ ಒಬ್ಬ ಅಜ್ಜಿ. ನಡುವೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ಸುರಿದ ಕಾಗದಗಳು. ಅಜ್ಜಿಯ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿತ್ತು. ಬ್ಯಾಂಕಿನ ಪುಸ್ತಕದಲ್ಲಿ ‘ಗಿಡ್ಡಮ್ಮ’, ಆಧಾರಿನಲ್ಲಿ ‘ಗಿಡ್ಡಮ’. ಆ ಒಂದು ಒತ್ತಕ್ಷರಕ್ಕಾಗಿ ಆಕೆ ನಾಡಕಚೇರಿಗೂ ಬ್ಯಾಂಕಿಗೂ ಬಸ್ಸು ಹತ್ತಿ ಇಳಿದು ಸೋತಿದ್ದಳು. ಹುಡುಗ ಒಂದೊಂದೇ ಕಾಗದವನ್ನು ಬೆಳಕಿಗೆ ಹಿಡಿದು ಓದಿ, ಬೇಕಾದ್ದನ್ನು ಬೇರೆ ಇಟ್ಟು, ತನ್ನ ನೋಟ್ ಪುಸ್ತಕದ ಹಾಳೆ ಹರಿದು ಅರ್ಜಿ ಬರೆದು, ಅಜ್ಜಿಯ ಹೆಬ್ಬೆರಳಿಗೆ ತನ್ನ ಪೆನ್ನಿನ ಶಾಯಿಯನ್ನೇ ಸವರಿ ಗುರುತು ಹಾಕಿಸಿದ. ಇಡೀ ಶಿಬಿರದಲ್ಲಿ ನಾನು ಕಂಡ ಸೇವೆ ಅದೊಂದೇ. ಅಷ್ಟರಲ್ಲಿ ಶಿಬಿರಾಧಿಕಾರಿಗಳು ಹುಡುಕಿಕೊಂಡು ಬಂದು, ಉಪನ್ಯಾಸಕ್ಕೆ ಗೈರುಹಾಜರಾದನೆಂದು ಹುಡುಗನನ್ನು ಗದರಿಸಿ ಒಳಕ್ಕೆ ಕರೆದೊಯ್ದರು. ಆತನ ದಿನಚರಿಯಲ್ಲಿ ಆ ದಿನದ ಸೇವೆಯಾಗಿ ದಾಖಲಾದದ್ದು ಬಹುಶಃ ವ್ಯಕ್ತಿತ್ವ ವಿಕಸನವೇ ಇರಬೇಕು.

ಇದರ ಮೇಲೆ ಈಚೆಗೆ ಅಂಕದ ಆಮಿಷ ಬೇರೆ. ಕಡ್ಡಾಯವೋ ಸ್ವಯಂಪ್ರೇರಣೆಯೋ ಎಂದು ಹಿರಿಯರು ವಾದಿಸಿದ್ದರಷ್ಟೆ. ಆ ವಿವಾದವನ್ನು ನಮ್ಮವರು ಮೂರನೆಯ ದಾರಿಯಿಂದ ಬಗೆಹರಿಸಿದರು. ಹೊಸ ಶಿಕ್ಷಣ ನೀತಿ 2021ರಲ್ಲಿ ನಮ್ಮ ಪದವಿ ತರಗತಿಗಳಿಗೆ ಬಂದಾಗ ಎನ್.ಎಸ್.ಎಸ್., ಯೋಗ, ಕ್ರೀಡೆಗಳೆಲ್ಲಕ್ಕೂ ಕ್ರೆಡಿಟ್ಟು ಬಂತು. 2024ರಲ್ಲಿ ನಾಲ್ಕು ವರ್ಷದ ಪದವಿ ಹೋಯಿತು, ಕ್ರೆಡಿಟ್ಟಿನ ಹಸಿವು ಹೋಗಲಿಲ್ಲ. ಅದಕ್ಕೆ ಸರಿಯಾಗಿ 2023ರ ಅಕ್ಟೋಬರಿನಲ್ಲಿ ಕೇಂದ್ರವು ‘ಮೇರಾ ಯುವ ಭಾರತ’ವನ್ನು ತೆರೆದು, ಅಂತರ್ಜಾಲದಲ್ಲೇ ಹೆಸರು ಬರೆಸಿಕೊಂಡು ಪ್ರಮಾಣಪತ್ರವನ್ನೂ ಅಲ್ಲೇ ಪಡೆಯುವ ಸೌಕರ್ಯ ಮಾಡಿಕೊಟ್ಟಿತು. ಸೌಕರ್ಯ ತಪ್ಪೆನ್ನಲಾರೆ. ಆದರೆ ತಾನು ಕಾಲಿಡದ ಊರಿನ ಸೇವೆಗಾಗಿ ಒಂದು ಸಹಿ ಬೇಕೆಂದು ನನ್ನ ಬಾಗಿಲಿಗೆ ಬರುವ ತರುಣರ ಸಂಖ್ಯೆ ಹೆಚ್ಚಿರುವುದನ್ನು ನಾನು ಬಲ್ಲೆ. ಅವರಲ್ಲಿ ಒಬ್ಬಾತ ಕಳೆದ ಸಲ, ದಿನಾಂಕವನ್ನು ಖಾಲಿ ಬಿಡಿ ಸಾರ್ ಎಂದು ವಿನಯಪೂರ್ವಕವಾಗಿ ಸೂಚಿಸಿದ.

ಇಷ್ಟೆಲ್ಲ ಏಕೆ, ಹದಿನೆಂಟು ತುಂಬಿದ ಯಾರೂ ಯಾವ ಯೋಜನೆಯ ಹಂಗೂ ಇಲ್ಲದೆ ಮಾಡಬಹುದಾದ ಕಾರ್ಯವೊಂದುಂಟು. 1989ರಲ್ಲಿ ಸಂವಿಧಾನದ ಅರವತ್ತೊಂದನೆಯ ತಿದ್ದುಪಡಿ ಅವರಿಗೆ ಮತದ ಹಕ್ಕು ಕೊಟ್ಟಿದೆ. 1993ರ ನಮ್ಮ ಪಂಚಾಯತ್ ರಾಜ್ ಕಾಯಿದೆ, ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕೂಡತಕ್ಕದ್ದೆಂದು, ಮತದಾರರ ಪಟ್ಟಿಯಲ್ಲಿರುವವರೆಲ್ಲ ಅದರ ಸದಸ್ಯರೆಂದು ವಿಧಿಸಿದೆ. ನಮ್ಮ ಗ್ರಾಮಸಭೆಗಳಿಗೆ ಬರುವವರು ಮನೆ ಕೇಳುವವರು, ಜಗಳ ಕಾಯುವವರು, ಮತ್ತು ಊಟಕ್ಕೆ ಬರುವವರು. ಬಿ.ಕಾಂ. ಓದಿ ಜಮಾ ಖರ್ಚು ಬಲ್ಲ ಹುಡುಗಿಯೊಬ್ಬಳು ಬಂದು, ಹೋದ ವರ್ಷ ಆ ಹಳ್ಳಕ್ಕೆ ಬರೆದ ಕಾಲುಸಂಕದ ಹಣ ಎಲ್ಲಿ ಹೋಯಿತೆಂದು ಎದ್ದು ನಿಂತು ಕೇಳಿದ್ದನ್ನು ಕಾಣುವ ಭಾಗ್ಯ ನನಗಿನ್ನೂ ಒದಗಿಲ್ಲ. ಇದನ್ನು ಶಿಬಿರದ ಕಾರ್ಯಕ್ರಮದಲ್ಲಿ ಸೇರಿಸಬಾರದೇಕೆಂದು ಅಧ್ಯಾಪಕ ಮಿತ್ರರೊಬ್ಬರನ್ನು ಕೇಳಿದೆ. ಅವರು ನಕ್ಕು ವ್ಯವಹಾರ ವಿವರಿಸಿದರು: ಮಕ್ಕಳು ಪಂಚಾಯಿತಿ ಕಚೇರಿಯ ಅಂಗಳ ಗುಡಿಸಿದರೆ ಅಧ್ಯಕ್ಷರು ಬಂದು ಶಾಲು ಹೊದೆಸುತ್ತಾರೆ, ಒಳಗೆ ಬಂದು ಲೆಕ್ಕದ ಪುಸ್ತಕ ಕೇಳಿದರೆ ಅದೇ ಸಂಜೆ ಪ್ರಾಂಶುಪಾಲರಿಗೆ ಫೋನು ಬರುತ್ತದೆ.