ಫ್ರೀ ಇದ್ದೀರಾ?

ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ, ಕನ್ನಡದಲ್ಲಿ ಬರೆದರೆ ಒಂದೇ ಅಕ್ಷರ. ಆದರೆ ಈ 'ಫ್ರೀ' ಹಾಕುವ ವೇಷಗಳನ್ನು ನೋಡಬೇಕಾದರೆ ಮಂಡ್ಯದ ಪೇಟೆಬೀದಿಯಲ್ಲಿ ಒಂದು ಸುತ್ತು ಬರಬೇಕು. ಸೀರೆ ಅಂಗಡಿಯ ಮುಂದೆ 'ಎರಡಕ್ಕೆ ಒಂದು ಫ್ರೀ'. ಔಷಧಿ ಅಂಗಡಿಯಲ್ಲಿ 'ಶುಗರ್ ಫ್ರೀ'. 1933ರಷ್ಟು ಹಿಂದೆಯೇ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಊರು ನಮ್ಮದು. ಇಲ್ಲಿ ಸಕ್ಕರೆ ಇಲ್ಲದ್ದಕ್ಕೆ ಸಕ್ಕರೆಗಿಂತ ಹೆಚ್ಚು ಕಾಸು! ಡಾಕ್ಟರು 'ಮೋಷನ್ ಫ್ರೀಯಾಗಿ ಆಯ್ತೇನಮ್ಮಾ' ಎಂದು ವಿಚಾರಿಸುತ್ತಾರೆ. ಜಡೆ ಹಾಕದೆ ಕೂದಲು ಇಳಿಬಿಟ್ಟ ಕಾಲೇಜು ಹುಡುಗಿಯದು 'ಫ್ರೀ ಹೇರ್'. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಟೋಲ್ ಎಂದು ಗೊಣಗುವವರು ದೂರು ಹೇಳುವುದಕ್ಕೆ ಹುಡುಕುವುದು 'ಟೋಲ್ ಫ್ರೀ' ನಂಬರನ್ನೇ.

ಇಷ್ಟಕ್ಕೆಲ್ಲ ನನ್ನ ತಕರಾರಿಲ್ಲ. ಬೇರೆ ಭಾಷೆಯ ಪದ ನೆಂಟರ ಹಾಗೆ ಬಂದು ನಾಲ್ಕು ದಿನ ಇದ್ದು, ಆಮೇಲೆ ಮನೆಯವರೇ ಆಗಿಬಿಡುವುದು ಹೊಸದೇನಲ್ಲ. ತಕರಾರು ಇರುವುದು ಈ ನೆಂಟ ಮನೆಯವರನ್ನೇ ಹೊರಗೆ ದಬ್ಬಿದ್ದಕ್ಕೆ. ನಮ್ಮಲ್ಲಿ ಬಿಡುವು ಎಂದರೆ ಬಿಡುವು, ಪುಕ್ಕಟೆ ಎಂದರೆ ಪುಕ್ಕಟೆ, ಸ್ವತಂತ್ರ ಎಂದರೆ ಸ್ವತಂತ್ರ, ಸಲುಗೆ ಎಂದರೆ ಸಲುಗೆ. ಒಂದು ಇನ್ನೊಂದರ ಜಾಗದಲ್ಲಿ ಕೂರುತ್ತಿರಲಿಲ್ಲ. ಈಗ ನಾಲ್ಕನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದಿದ್ದೇವೆ. ಇದರಿಂದ ನಷ್ಟ ಯಾರಿಗೆ ಅಂತೀರಿ? ನಮಗೇ, ಹೆಂಗಸರಿಗೇ.

ನೋಡಿ, ಹೆಣ್ಣು ನೋಡಿ ಬಂದವರು 'ಹುಡುಗಿ ಸ್ವಲ್ಪ ಫ್ರೀ' ಎಂದರೆ ಆ ಸಂಬಂಧ ಅಲ್ಲಿಗೇ ಮುಗಿಯಿತು. ಗಂಡು ನೋಡಿ ಬಂದವರು 'ಹುಡುಗ ಫ್ರೀಯಾಗಿ ಮಾತಾಡ್ತಾನೆ' ಎಂದರೆ ಮರುದಿನವೇ ಜಾತಕ ತೆಗೆಯುತ್ತಾರೆ. ಪದ ಒಂದೇ, ತಕ್ಕಡಿ ಎರಡು.

ಮದುವೆಯಾದ ಮೇಲೆ ಅದೇ ಹುಡುಗಿ ಇನ್ನೊಂದು ಅರ್ಥದಲ್ಲಿ ಜೀವಮಾನವಿಡೀ ಫ್ರೀ. ಮಳವಳ್ಳಿಯಲ್ಲಿ ಮದುವೆಯೆಂದು ಬಂಧುಗಳಿಂದ ನನಗೆ ಫೋನು ಬಂತು. 'ನೀನು ಮನೇಲಿ ಫ್ರೀಯಾಗೇ ಇರ್ತೀಯಲ್ಲ, ಎರಡು ದಿನ ಮುಂಚೇನೇ ಬಂದ್ಬುಡವ್ವ. ಚಪ್ಪರದ ದಿನಕ್ಕೆ ಜನ ಸಾಲ್ದು.' ಆಫೀಸಿಗೆ ಹೋಗುವ ನನ್ನ ಓರಗಿತ್ತಿಗೆ ಮಾತ್ರ 'ನಿಮ್ಗೆ ರಜ ಸಿಕ್ಕುತ್ತೋ ಇಲ್ವೋ' ಎಂಬ ವಿನಯ. ರಜ ಹಾಕಲು ಆಫೀಸಿಲ್ಲದವಳಿಗೆ ರಜವೇ ಬೇಕಿಲ್ಲವೆಂದು ಇವರ ಲೆಕ್ಕ. ಹೋದೆ. ಎರಡು ದಿನ ಅಕ್ಕಿ ಆರಿಸಿ, ತೆಂಗಿನಕಾಯಿ ತುರಿದು, ಮೂರನೆಯ ದಿನ ಧಾರೆಯ ಹೊತ್ತಿಗೆ ಅಡುಗೆಮನೆಯಲ್ಲೇ ಇದ್ದೆ. ಫ್ರೀ ಇದ್ದೆನಲ್ಲ!

ನಮ್ಮ ಬಿಡುವಿನ ಲೆಕ್ಕ ಸರ್ಕಾರದ ದಫ್ತರದಲ್ಲೇ ಇದೆ. 2019ರಲ್ಲಿ ಕೇಂದ್ರದ ಅಂಕಿಅಂಶ ಕಚೇರಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ದೇಶದ ತುಂಬ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು ಸರಾಸರಿ ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಾಳೆ, ಮಾಡುವ ಗಂಡಸು 97 ನಿಮಿಷ. 'ಮಾಡುವ ಗಂಡಸು' ಎಂಬುದನ್ನು ಗಮನಿಸಿ. ಮಾಡದೆ ಇರುವವರೇ ಬಹುಪಾಲು, ಅವರು ಈ ಲೆಕ್ಕದಲ್ಲೇ ಬರುವುದಿಲ್ಲ. 299 ನಿಮಿಷವೆಂದರೆ ಐದು ಗಂಟೆಗೆ ಒಂದು ನಿಮಿಷ ಕಡಿಮೆ. ಆ ಒಂದು ನಿಮಿಷ ಬಹುಶಃ ನಾವು ಫ್ರೀ ಇರುವ ಹೊತ್ತು.

2001ರ ಜನಗಣತಿಯದಂತೂ ಇನ್ನೊಂದು ಕಥೆ. ಅಡುಗೆ ಮಾಡಿ, ನೀರು ಸೇದಿ, ಮಕ್ಕಳನ್ನು ಸಾಕುವ ಹೆಂಗಸರನ್ನು ದುಡಿಯದವರ ಪಟ್ಟಿಯಲ್ಲಿ ಭಿಕ್ಷುಕರು, ವೇಶ್ಯೆಯರು, ಜೈಲಿನ ಕೈದಿಗಳ ಜೊತೆ ಸೇರಿಸಿದ್ದರು. 2010ರಲ್ಲಿ ಸುಪ್ರೀಂ ಕೋರ್ಟು ಒಂದು ಅಪಘಾತ ಪರಿಹಾರದ ಮೊಕದ್ದಮೆಯಲ್ಲಿ ಇದನ್ನು ಎತ್ತಿ ಆಡಿತು. ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟುವುದಕ್ಕೆ ಅವಳು ಲಾರಿಗೋ ಬಸ್ಸಿಗೋ ಸಿಕ್ಕಿ ಸಾಯಬೇಕು, ಪರಿಹಾರದ ಲೆಕ್ಕ ಹಾಕುವಾಗ ಮಾತ್ರ ಅವಳು ಫ್ರೀ ಅಲ್ಲ.

ಬಸ್ಸೆಂದಾಗ ನೆನಪಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸರ್ಕಾರಿ ಬಸ್ಸಿನಲ್ಲಿ ಟಿಕೇಟಿಗೆ ಕಾಸಿಲ್ಲ. ಮದ್ದೂರಿನಿಂದ ಕೆ.ಎಂ.ದೊಡ್ಡಿ ಮೇಲೆ ಮಳವಳ್ಳಿಗೆ ಹೋಗುವ ಬಸ್ಸು ಹತ್ತಿ ನೋಡಿ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು, ಆಸ್ಪತ್ರೆಯ ಚೀಟಿ ಸೆರಗಿಗೆ ಕಟ್ಟಿಕೊಂಡ ಮುದುಕಿಯರು, ಸೊಪ್ಪಿನ ಕುಕ್ಕೆಯವರು. ನಿಂತ ಗಂಡಸರ ಬಾಯಲ್ಲಿ ಒಂದೇ ರಾಗ: 'ಎಲ್ಲಾ ಬಿಟ್ಟಿ ಗಿರಾಕಿಗಳು. ಫ್ರೀ ಅಂದ್ರೆ ಸಾಕು, ಮನೇಲಿ ಒಂದು ಹೆಣ್ಣೂ ನಿಲ್ಲಾಕಿಲ್ಲ ಕಣಣ್ಣೋ.' ಮುತ್ತತ್ತಿಯ ಹನುಮಂತರಾಯನನ್ನು ನೋಡಲು ಹೊರಟವಳಿಗೂ ಇದೇ ಮಾತು, ಆಸ್ಪತ್ರೆಗೆ ಹೊರಟವಳಿಗೂ ಇದೇ ಮಾತು.

'ಬಿಟ್ಟಿ' ಎನ್ನುವ ಮುನ್ನ ಆ ಪದದ ಹುಟ್ಟನ್ನು ಸ್ವಲ್ಪ ವಿಚಾರಿಸಬೇಕಿತ್ತು. ಸಂಸ್ಕೃತದ 'ವಿಷ್ಟಿ'ಯೇ ನಮ್ಮ ಬಾಯಲ್ಲಿ ಬಿಟ್ಟಿಯಾಗಿದೆ. ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ಚಾಕರಿ ಅದು. ಬಿಟ್ಟಿ ಎಂದರೆ ಪಡೆದವನ ಹೆಸರಲ್ಲ, ದುಡಿದವನ ಪಾಡು! ಹಾಗೆ ನೋಡಿದರೆ ಬಸ್ಸಿನಲ್ಲಿ ಕೂತವಳು ಬಿಟ್ಟಿಯವಳು ಹೌದು. ಬೆಳಿಗ್ಗೆ ಎದ್ದು ಮುದ್ದೆ ತಿರುವಿ, ಈ ಟೀಕೆ ಮಾಡುವವರಿಗೆ ಬಡಿಸಿ ಬಂದಿರುವ ಲೆಕ್ಕದಲ್ಲಿ. ಟಿಕೇಟಿನ ಹಣವನ್ನಾದರೂ ಸರ್ಕಾರ ನಿಗಮಕ್ಕೆ ತುಂಬಿಕೊಡುತ್ತದೆ. ಮುದ್ದೆಯ ಹಣ ತುಂಬಿಕೊಡುವವರು ಯಾರು?

10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಅದು ನ್ಯಾಯವೇ, ಬೇಸಾಯಗಾರನ ಕಷ್ಟ ಕಂಡವಳು ನಾನು. ಆದರೆ ಮೋಟಾರು ಹಾಕಲು ಹೊರಟವನನ್ನು ಯಾರಾದರೂ 'ಬಿಟ್ಟಿ ಗಿರಾಕಿ' ಎಂದದ್ದನ್ನು ಕೇಳಿದ್ದೀರಾ? ಅವನದು ಸೌಲಭ್ಯ, ನಮ್ಮದು ಬಿಟ್ಟಿ. ಹೀಗೆ ಒಂದೇ ಪದದಿಂದ ಎರಡು ಕಡೆಯಿಂದಲೂ ಏಟು: ನಾವು ಕೊಡುವಾಗ ಫ್ರೀ ಎಂದರೆ ಬೆಲೆಯಿಲ್ಲದ್ದು, ಪಡೆಯುವಾಗ ಫ್ರೀ ಎಂದರೆ ಮರ್ಯಾದೆಯಿಲ್ಲದ್ದು.

ಇಂಗ್ಲಿಷಿನವರ ಮನೆಯಲ್ಲಿ ಈ ಪದ ಹುಟ್ಟಿದ್ದು ಹೀಗಲ್ಲ. ಭಾಷಾಶಾಸ್ತ್ರ ಬಲ್ಲವರ ಪ್ರಕಾರ ಅವರ 'ಫ್ರೀ'ಗೂ ಸಂಸ್ಕೃತದ 'ಪ್ರಿಯ'ಕ್ಕೂ ಬೇರು ಒಂದೇ. 'ಫ್ರೆಂಡ್' ಕೂಡ ಅದೇ ಬಳ್ಳಿಯ ಕಾಯಿ. ಮನೆಯೊಳಗಿನವರಲ್ಲಿ ಬಂಧುಗಳು ಪ್ರಿಯರು, ಮಿಕ್ಕವರು ಗುಲಾಮರು. ಪ್ರಿಯರಾದವರೇ ಸ್ವತಂತ್ರರು ಎಂದು ಅರ್ಥ ಬೆಳೆಯಿತು. ಕಾಸಿಲ್ಲದೆ ಸಿಗುವುದು ಎಂಬ ಅರ್ಥ ಬಂದದ್ದು ಎಷ್ಟೋ ಆಮೇಲೆ. ನಮ್ಮ ಮನೆಗಳಲ್ಲಿ ಪ್ರಿಯಳಾದವಳಿಗೇ ಗುಲಾಮರ ಕೆಲಸ ಅಂಟಿರುವುದನ್ನು ಕಂಡಿದ್ದರೆ ಆ ಪಂಡಿತರು ಏನೆನ್ನುತ್ತಿದ್ದರೋ.

ಆ ಹಳೆಯ ಅರ್ಥಕ್ಕಾಗಿ ಜೈಲಿಗೆ ಹೋದವರಿದ್ದ ತಾಲ್ಲೂಕು ನಮ್ಮದು. 1938ರ ಏಪ್ರಿಲಿನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಮುರಿದು ಬಾವುಟ ಹಾರಿಸಿದರು. ಅದನ್ನು ನೆನೆಯಲು ಕಟ್ಟಿದ ಸತ್ಯಾಗ್ರಹ ಸೌಧ ಇಂದಿಗೂ ಅಲ್ಲಿದೆ. ನಮ್ಮ ಮಕ್ಕಳು ಬಸ್ಸಿನ ಕಿಟಕಿಯಿಂದ ಅದನ್ನು ನೋಡಿ, ಒಳಗೆ ಹೋಗುವುದು ಫ್ರೀನಾ ಎಂದು ಕೇಳುತ್ತಾರೆ.

ನಾನಂತೂ ಈಚೆಗೆ ಆ ಪದಕ್ಕೆ ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. 'ಫ್ರೀ ಇದ್ದೀಯಾ' ಎಂದರೆ, 'ಏನು ಕೇಳ್ತಿದ್ದೀರಿ, ಬಿಡುವಾಗಿದ್ದೀನಾ ಅಂತಲೋ, ಪುಕ್ಕಟೆ ಸಿಕ್ತೀನಾ ಅಂತಲೋ' ಎಂದು ವಾಪಸು ಕೇಳುತ್ತೇನೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ಕೆಲವರು ಕರೆಯುವುದನ್ನೇ ನಿಲ್ಲಿಸಿದ್ದಾರೆ. ಕೆಲವರು ಮಾತ್ರ, 'ಬಿಡುವು ಮಾಡ್ಕೊಂಡು ಬರೋಕಾಗುತ್ತಾ ಅಕ್ಕ' ಎಂದು ಕೇಳಲು ಕಲಿತಿದ್ದಾರೆ. ಅಂಥವರ ಮನೆಗೆ ಈಗಲೂ ಹೋಗಿ ಕಾಯಿ ತುರಿಯುತ್ತೇನೆ.