ದಾನದ ರಸೀದಿಯೂ ಬೊಕ್ಕಸದ ಹಣವೂ

ನೂರು ಡಾಲರ್ ಕೊಟ್ಟು ಎಪ್ಪತ್ತನ್ನು ಮರಳಿ ಪಡೆದವನು ಎಷ್ಟು ದಾನ ಮಾಡಿದಂತಾಯಿತು? ಅಮೆರಿಕದ ಮಿಸೌರಿ ರಾಜ್ಯದ ಕಾಯಿದೆಯೊಂದು ಈ ಪ್ರಶ್ನೆಯನ್ನು ಎತ್ತುತ್ತದೆ. ಗರ್ಭಿಣಿಯರಿಗೆ ನೆರವಾಗುವ ಸಂಸ್ಥೆಗಳಿಗೆ ಕನಿಷ್ಠ 100 ಡಾಲರ್ ಕೊಟ್ಟವರಿಗೆ ಅದರ ಅರ್ಧವನ್ನು ಆ ರಾಜ್ಯವು ತೆರಿಗೆಯಲ್ಲಿ ಬಿಟ್ಟುಕೊಡುತ್ತಿತ್ತು. 2021ರಿಂದ ಈ ಪ್ರಮಾಣ ಶೇ. 70ಕ್ಕೆ ಏರಿತು; ಒಟ್ಟು ಮೊತ್ತಕ್ಕಿದ್ದ ವಾರ್ಷಿಕ ಮಿತಿಯೂ ಅದೇ ವರ್ಷ ರದ್ದಾಯಿತು. ಮಿಸಿಸಿಪ್ಪಿ ರಾಜ್ಯವು 2022ರಲ್ಲಿ 35 ಲಕ್ಷ ಡಾಲರ್ ಮಿತಿಯ ಇಂಥದೇ ಯೋಜನೆ ತಂದು, ಮರುವರ್ಷ ಆ ಮಿತಿಯನ್ನು ಒಂದು ಕೋಟಿ ಡಾಲರಿಗೆ ಹೆಚ್ಚಿಸಿತು.

ನಮ್ಮ ಬಸದಿಗಳ ಧರ್ಮದರ್ಶಿಗಳು ಬಲ್ಲ 80ಜಿ ರಿಯಾಯಿತಿಗೂ ಇದಕ್ಕೂ ಅಜಗಜಾಂತರವಿದೆ. ಅಲ್ಲಿ ಕಡಿತವಾಗುವುದು ತೆರಿಗೆ ವಿಧಿಸುವ ಆದಾಯದಲ್ಲಿ. ಶೇ. 50ರ ವಿನಾಯಿತಿಯುಳ್ಳ ಸಂಸ್ಥೆಗೆ ನೂರು ರೂಪಾಯಿ ಕೊಟ್ಟು, ಶೇ. 30ರ ದರದಲ್ಲಿ ತೆರಿಗೆ ತೆರುವವನಿಗೆ ಉಳಿಯುವುದು ಹದಿನೈದು ರೂಪಾಯಿ ಮಾತ್ರ. ಮಿಸೌರಿಯಲ್ಲಿ ಕಡಿತವಾಗುವುದು ತೆರಿಗೆಯೇ. ಮೂವತ್ತು ಕೊಟ್ಟವನ ಹೆಸರಿಗೆ ನೂರರ ರಸೀದಿ!

ತನ್ನ ಸ್ವತ್ತನ್ನು ಅನುಗ್ರಹಾರ್ಥವಾಗಿ ತ್ಯಜಿಸುವುದೇ ದಾನವೆಂದು ತತ್ತ್ವಾರ್ಥಸೂತ್ರವು ನಿರೂಪಿಸುತ್ತದೆ. ‘ತನ್ನ’ ಎಂಬ ಮಾತೇ ಇಲ್ಲಿ ಮುಖ್ಯ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದ್ದು ಸ್ವಂತ ವೆಚ್ಚದಲ್ಲಿ. ಗರ್ಭಸ್ಥ ಜೀವದ ರಕ್ಷಣೆಯು ಅಭಯದಾನವಲ್ಲವೇ ಎಂದು ಶ್ರಾವಕರು ಕೇಳಬಹುದು. ಗರ್ಭಪಾತವು ಹಿಂಸೆಯೆಂಬ ನಂಬಿಕೆಗೆ ಇಲ್ಲಿ ಯಾವ ಆಕ್ಷೇಪವೂ ಇಲ್ಲ. ಆದರೆ ಪರರ ಹಣದಿಂದ ಅಭಯವನ್ನು ಕೊಟ್ಟು ಪುಣ್ಯವನ್ನು ತನ್ನ ಖಾತೆಗೆ ಬರೆದುಕೊಳ್ಳುವುದು ಯಾವ ಶ್ರಾವಕಾಚಾರ? ರಾಜ್ಯವು ಮರಳಿಸಿದ ಭಾಗವನ್ನು ದಾನವೆಂದು ಲೆಕ್ಕಿಸಲಾಗದೆಂದು ಅಮೆರಿಕದ ಕೇಂದ್ರ ತೆರಿಗೆ ಇಲಾಖೆಯೇ 2019ರಲ್ಲಿ ನಿಯಮ ಮಾಡಿತು. ಧರ್ಮಶಾಸ್ತ್ರಜ್ಞರು ಹೇಳಬೇಕಾದುದನ್ನು ತೆರಿಗೆ ಅಧಿಕಾರಿಗಳು ಹೇಳಿದರು!

ಆ ಎಪ್ಪತ್ತು ಡಾಲರ್ ಯಾರದು? ಸಮಸ್ತ ಪ್ರಜೆಗಳದು. ಗರ್ಭಪಾತ ಮಾಡುವ, ಅದಕ್ಕಾಗಿ ಬೇರೆಡೆಗೆ ಕಳುಹಿಸುವ ಸಂಸ್ಥೆಗೆ ಈ ಸೌಲಭ್ಯವಿಲ್ಲ. 2024ರ ನವೆಂಬರ್‌ನಲ್ಲಿ ಅದೇ ರಾಜ್ಯದ ಮತದಾರರು ಅಲ್ಪ ಬಹುಮತದಿಂದ ಗರ್ಭಪಾತದ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿದರು. ಅವರ ತೆರಿಗೆಯೂ ಈ ಕೊರತೆಯನ್ನು ತುಂಬುತ್ತದೆ. ಅದು ಯಾವ ಸಂಸ್ಥೆಗೆ ಸಲ್ಲಬೇಕೆಂದು ನಿರ್ಧರಿಸುವವನು ಮಾತ್ರ ರಸೀದಿ ಹಿಡಿದವನು.

ತಾಯಿಯ ಮೇಲಿನ ಕರುಣೆಯೇ ಉದ್ದೇಶವಾಗಿದ್ದರೆ ಬೊಕ್ಕಸಕ್ಕೆ ನೇರವಾದ ದಾರಿಯಿತ್ತು. ಬಡ ಬಾಣಂತಿಯರಿಗೆ ಸರಕಾರಿ ವೈದ್ಯಕೀಯ ನೆರವು ಹೆರಿಗೆಯಾದ 60 ದಿನಗಳಿಗೆ ನಿಂತುಹೋಗುತ್ತಿತ್ತು. ಅದನ್ನು ಒಂದು ವರ್ಷಕ್ಕೆ ವಿಸ್ತರಿಸುವ ಕಾಯಿದೆಯನ್ನು ಮಿಸೌರಿ ತಂದದ್ದು 2023ರಲ್ಲಿ. ದಾನಿಗಳ ರಿಯಾಯಿತಿಯ ಮಿತಿ ತೆಗೆದ ಎರಡು ವರ್ಷಗಳ ತರುವಾಯ. ಔಷಧದಾನವು ಕಾಯಬಹುದು, ದಾನಿಯ ಲಾಭ ಕಾಯಲಾಗದು ಎಂಬುದೇ ಈ ಕ್ರಮದ ಅರ್ಥವಲ್ಲವೇ?

ಆ ರಾಜ್ಯಗಳಲ್ಲಿ ನೆಲೆಸಿರುವ ಜೈನ ಕುಟುಂಬಗಳು ಇಂಥ ಸಂಸ್ಥೆಗಳಿಗೆ ಕೊಡಬಾರದೆಂದಲ್ಲ. ರಿಯಾಯಿತಿಯನ್ನು ಪಡೆಯಲೇಬೇಕೆಂಬ ನಿರ್ಬಂಧ ಕಾಯಿದೆಯಲ್ಲಿಲ್ಲ. ಹಣ ಕೊಟ್ಟು, ತೆರಿಗೆ ಪತ್ರದಲ್ಲಿ ಆ ಅಂಕಣವನ್ನು ಖಾಲಿ ಬಿಡಬಹುದು.