ಅಲ್ಸೇಷಿಯನ್ನೋ, ಮುಧೋಳ ನಾಯಿಯೋ?

ಈ ಹದಿನೈದು ದಿನಗಳಲ್ಲಿ ಬಂದ ಕಾಗದಗಳಲ್ಲಿ ಮೂರು ಕಲಬುರಗಿ ಸೀಮೆಯವು: ಆಳಂದ, ಅಫಜಲಪುರ, ಜೇವರ್ಗಿ. ಮೂವರು ಸೋದರಿಯರೂ ಕೇಳಿರುವುದು ನಾಯಿಯ ಬಗ್ಗೆ. ಆಳಂದದ ಸೋದರಿಯ ಕಾಗದ ಹೀಗಿದೆ:

"ಅಕ್ಕಾ, ನಮ್ಮ ಓಣ್ಯಾಗ ಎರಡು ಮನಿ ಕಳವಾದ್ವು. ನಮ್ಮ ಮನಿಯವರು ಅಲ್ಸೇಷಿಯನ್ ತರೋಣ ಅಂತಾರ. ಎಂಟನೇ ಕ್ಲಾಸಿನ ಮಗ ಮುಧೋಳ ನಾಯಿನೇ ಬೇಕಂತ ಹಟ ಹಿಡಿದಾನ. ಅವರು ಮುಂಜಾನೆ ಒಂಬತ್ತಕ್ಕ ಅಂಗಡಿಗೆ ಹೋದರ ಬರೋದು ರಾತ್ರಿ ಒಂಬತ್ತಕ್ಕ. ಸಣ್ಣ ಮಗಳಿಗೆ ನಾಲ್ಕು ವರ್ಷ. ಅತ್ತಿಯವರು ಕೋಲು ಹಿಡಿದು ಅಡ್ಡಾಡತಾರ. ಯಾವುದು ತಂದರ ಚಲೋ?"

ಸೋದರಿ, ಎರಡೂ ಒಳ್ಳೆಯ ತಳಿಗಳೇ. ಆದರೆ ಎರಡೂ ದೊಡ್ಡವು, ಎರಡಕ್ಕೂ ದಿನಾ ಓಟ ಬೇಕು. ಮೊದಲು ಅವುಗಳ ಗುಣ ತಿಳಿಯೋಣ.

ಅಲ್ಸೇಷಿಯನ್ ಜರ್ಮನಿಯಲ್ಲಿ ಕುರಿ ಕಾಯಲು ಬೆಳೆಸಿದ ತಳಿ. ನಿಜವಾದ ಹೆಸರು ಜರ್ಮನ್ ಶೆಫರ್ಡ್. ಮೊದಲನೇ ಮಹಾಯುದ್ಧದ ಕಾಲಕ್ಕೆ 'ಜರ್ಮನ್' ಎಂಬ ಮಾತೇ ಬೇಡವಾಗಿ ಇಂಗ್ಲಿಷರು ಬೇರೆ ಹೆಸರಿಟ್ಟರು. ನಮ್ಮಲ್ಲಿ ಅದೇ ಉಳಿಯಿತು. ಗಂಡುನಾಯಿ 30ರಿಂದ 40 ಕಿಲೋ ತೂಗುತ್ತದೆ. ಬುದ್ಧಿ ಚುರುಕು, ಕಾವಲಿಗೆ ಹೇಳಿಮಾಡಿಸಿದ್ದು. ಆದರೆ ಅದಕ್ಕೆ ದಿನಾ ಪಾಠ ಹೇಳುವವರು ಬೇಕು. ಕೆಲಸವಿಲ್ಲದ ಬುದ್ಧಿವಂತ ನಾಯಿ ಮನೆಯ ಬಾಗಿಲನ್ನೇ ಕಡಿದು ಕೂಡುತ್ತದೆ. ಮೈಮೇಲೆ ಎರಡು ಪದರು ಕೂದಲು. ವರ್ಷವಿಡೀ ಉದುರುತ್ತದೆ, ಗುಡಿಸುವ ಕೈ ನಿಮ್ಮದೇ! ಸೊಂಟದ ಕೀಲಿನ ತೊಂದರೆಯೂ ಈ ತಳಿಯಲ್ಲಿ ಹೆಚ್ಚು. ಮರಿ ಕೊಳ್ಳುವಾಗ ಅದರ ತಾಯಿ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಿಯೇ ದುಡ್ಡು ಕೊಡಿ.

ಮುಧೋಳ ನಾಯಿ ನಮ್ಮ ಬಾಗಲಕೋಟೆ ಜಿಲ್ಲೆಯದು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಅಕ್ಕರೆಯಿಂದ ಬೆಳೆಸಿದ ತಳಿ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ಹೊರಡಿಸಿತು. 2016ರಲ್ಲಿ ಸೇನೆಯವರು ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ಎತ್ತರ 70 ಸೆಂಟಿಮೀಟರಿನಷ್ಟು, ಆದರೆ ಮೈ ತೆಳ್ಳಗೆ. ಪಕ್ಕೆಲುಬು ಕಂಡರೆ "ಉಪವಾಸ ಕೆಡವ್ಯಾರ" ಎಂದು ನೆರೆಯವರು ಆಡಿಕೊಂಡಾರು, ಅದು ಅದರ ಮೈಕಟ್ಟೇ. ಕೂದಲು ಗಿಡ್ಡ, ನಮ್ಮ ಬಿಸಿಲು ತಡೆಯುತ್ತದೆ. ಆದರೆ ಇದು ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವ ಬೇಟೆ ನಾಯಿ. ಬೆಕ್ಕೋ ಕೋಳಿಯೋ ಓಡಿದರೆ ನೀವು ಕರೆದದ್ದು ಅದಕ್ಕೆ ಕೇಳಿಸದು. ಮನೆಯವರ ಮೇಲೆ ಜೀವ, ಹೊರಗಿನವರು ಮುಟ್ಟಿದರೆ ಸೇರದು. ಹೊಲದಲ್ಲಿ ಮೊಲ, ಜಿಂಕೆಯ ಮೇಲೆ ಬಿಡಬೇಡಿರೆಂದು ಮಗನಿಗೆ ಈಗಲೇ ಹೇಳಿ; 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ.

ಬಿಸಿಲೊಂದನ್ನೇ ನೋಡಿದರೆ ಮುಧೋಳ ನಾಯಿಯೇ ಮೇಲು. ಕಾವಲು ನೋಡಿದರೆ ಅಲ್ಸೇಷಿಯನ್. ಆದರೆ ನಿಮ್ಮ ಕಾಗದ ಓದಿದಾಗ ನನಗೆ ಮೊದಲು ಕಂಡ ಪ್ರಶ್ನೆ ಬೇರೆ: ಅದನ್ನು ದಿನಾ ಓಡಿಸುವವರು ಯಾರು? ಯಜಮಾನರು ಅಂಗಡಿಗೆ, ಮಗ ಶಾಲೆಗೆ. ಉಳಿದವರು ನೀವು. ಒಂದು ಕೈಯಲ್ಲಿ ರೊಟ್ಟಿ ಹಿಟ್ಟು, ಇನ್ನೊಂದು ಕೈಯಲ್ಲಿ ನಾಯಿಯ ಸರಪಳಿ! ಓಟ ಸಿಗದ ನಾಯಿಯನ್ನು ಕಡೆಗೆ ಕಟ್ಟಿಹಾಕುತ್ತಾರೆ. ಹಗಲೆಲ್ಲ ಕಟ್ಟಿದ ನಾಯಿ ಸಿಡುಕಾಗುತ್ತದೆ, ಕಚ್ಚುವುದೂ ಅಲ್ಲಿಂದಲೇ ಶುರು. ಮನೆಯಲ್ಲಿ ನಾಲ್ಕು ವರ್ಷದ ಕೂಸು, ಕೋಲು ಹಿಡಿದ ಮುದುಕಿ ಇದ್ದಾರೆ.

ಆದ್ದರಿಂದ ಒಂದು ಪರೀಕ್ಷೆ ಇಡಿ. ನಾಯಿ ತರುವ ಮೊದಲು ಒಂದು ತಿಂಗಳು, ತಂದೆ ಇಲ್ಲವೆ ಮಗ ಮುಂಜಾನೆ ಐದೂವರೆಗೆ ಎದ್ದು ಒಂದು ತಾಸು ನಡೆದು ಬರಲಿ. ಸಂಜೆ ಶಾಲೆ ಬಿಟ್ಟ ಮೇಲೆ ಮಗ ಇನ್ನೊಂದು ತಾಸು. ಒಂದು ದಿನವೂ ತಪ್ಪಿಸದಿದ್ದರೆ ಮಗ ಹೇಳಿದ ಮುಧೋಳ ಮರಿಯನ್ನೇ ತನ್ನಿ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ತಪ್ಪಿಸಿದರೆ ಎರಡೂ ಬೇಡ. ಬಾಗಿಲಿಗೆ ಗಟ್ಟಿ ಚಿಲಕ ಹಾಕಿಸಿ, ಅಂಗಳಕ್ಕೊಂದು ದೀಪ ಕಟ್ಟಿಸಿ. ಓಣಿಯ ಒಂದು ನಾಡನಾಯಿ ಮರಿಗೆ ಚುಚ್ಚುಮದ್ದು ಹಾಕಿಸಿ ಸಾಕಿದರೂ ಕಳ್ಳ ಬಂದಾಗ ಬೊಗಳುತ್ತದೆ. ಈ ಮಾತು ಮನೆಯಲ್ಲಿ ಆಡಲು ಸಂಕೋಚ ಬೇಡ. ಹತ್ತು ಹನ್ನೆರಡು ವರ್ಷದ ದುಡಿಮೆ ನಿಮ್ಮ ಪಾಲಿಗೆ ಬರುವುದಾದರೆ ತೀರ್ಮಾನದಲ್ಲೂ ನಿಮ್ಮ ಪಾಲಿರಬೇಕು.

ಅಫಜಲಪುರದ ಸೋದರಿಯದು ಭೀಮಾ ದಂಡೆಯ ಹೊಲದ ಮನೆ. ಆಡು, ಕೋಳಿ ಇವೆ. ಬೀಗರು ಮುಧೋಳ ಮರಿ ಕೊಡುತ್ತೇವೆ ಎಂದಿದ್ದಾರಂತೆ. ಸೋದರಿ, ಮರಿಯಿಂದಲೇ ಆಡಿನ ಜೊತೆ ಬೆಳೆಸಿದರೆ ಹೊಂದಿಕೊಳ್ಳಬಹುದು, ಕೋಳಿಯ ವಿಷಯದಲ್ಲಿ ಮಾತ್ರ ನಂಬಿ ಕೂಡಬೇಡಿ. ಎತ್ತರದ ಬೇಲಿ ಇಲ್ಲದಿದ್ದರೆ ಬೀಗರಿಗೆ ನಯವಾಗಿ ಬೇಡವೆನ್ನಿ. ಜಾನುವಾರಿನ ನಡುವೆ ಕಾವಲಿಗೆ ಅಲ್ಸೇಷಿಯನ್ ವಾಸಿ, ನೆರಳೂ ನೀರೂ ಇದ್ದರೆ ಮಾತ್ರ.

ಜೇವರ್ಗಿಯ ಸೋದರಿ ಈಗಾಗಲೇ ಅಲ್ಸೇಷಿಯನ್ ಮರಿ ತಂದಿದ್ದಾರೆ. "ಮಧ್ಯಾಹ್ನ ತೇಕತದ, ಕೂದಲ ಬೋಳಿಸಲೇನು?" ಎಂದು ಕೇಳಿದ್ದಾರೆ. ಬೋಳಿಸಬೇಡಿ, ಆ ಕೂದಲೇ ಬಿಸಿಲಿಗೂ ತಡೆ. ದಿನಾ ಬಾಚಿ ಉದುರುವುದನ್ನು ತೆಗೆಯಿರಿ. ಬೇಸಿಗೆಯಲ್ಲಿ ಶಹಾಬಾದ ಕಲ್ಲಿನ ಅಂಗಳ ಕಾದು ಹಂಚಾಗುತ್ತದೆ. ನಿಮ್ಮ ಅಂಗೈ ಐದು ಎಣಿಸುವಷ್ಟು ಹೊತ್ತು ಅಲ್ಲಿ ನಿಲ್ಲದಿದ್ದರೆ ಅದರ ಕಾಲೂ ಸುಡುತ್ತದೆ. ಹೊತ್ತು ಏರುವ ಮೊದಲು, ಹೊತ್ತು ಇಳಿದ ಮೇಲೆ ಓಡಿಸಿ. ತೇಕುತ್ತಾ ಜೊಲ್ಲು ಸುರಿಸಿ ತೂರಾಡಿದರೆ ನೆರಳಿಗೆ ತಂದು ಮೈಮೇಲೆ ತಣ್ಣೀರು ಹಾಕುತ್ತಾ ಪಶು ಆಸ್ಪತ್ರೆಗೆ ಒಯ್ಯಿರಿ.

ಮೂವರಿಗೂ ಅಡುಗೆಮನೆಯ ಮಾತು. ಬರೀ ಜೋಳದ ರೊಟ್ಟಿ, ಮಜ್ಜಿಗೆಯಿಂದ ಈ ನಾಯಿಗಳ ಮೈ ತುಂಬದು. ಬೇಯಿಸಿದ ತತ್ತಿ ಇಲ್ಲವೆ ಮಾಂಸವೂ ಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಪಲ್ಯ-ಸಾರು, ದ್ರಾಕ್ಷಿ, ಚಾಕೊಲೇಟ್ ಅವಕ್ಕೆ ವಿಷ. ಬೇಯಿಸಿದ ಕೋಳಿ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ.

ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಚುಚ್ಚುಮದ್ದು, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು. ಮುಂದಿನವು ಡಾಕ್ಟರು ಹೇಳಿದ ತಾರೀಖಿಗೆ ತಪ್ಪದಿರಲಿ. ಯಾವ ನಾಯಿ ಕಚ್ಚಿದರೂ, ಪರಚಿದರೂ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಖಾರದಪುಡಿ, ಸುಣ್ಣ ಹಚ್ಚಬೇಡಿ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಿ, ಹೇಳಿದಷ್ಟೂ ಸಲ. ಈ ರೋಗ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದಿಲ್ಲ, ಬರದಂತೆ ತಡೆಯುವ ಮದ್ದಿದೆ.